ಅವ್ವನ ಹೆಸರಿನ ಮುಂದೆ ಬರೆದದ್ದು

ಕಾಶಿ,
೧೪ ನವೆಂಬರ್ ೨೦೨೫

ಪ್ರೀತಿಯ ತಮ್ಮ ಕಾಶೀನಾಥನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿ ತಿಕ್ಕು ಅಂದರೆ ತಿಕ್ಕುವವನಲ್ಲ ನೀನು. ನಿನ್ನ ಹೆಂಡತಿ ಬಸವಣ್ಣೆಮ್ಮ ಗಟ್ಟಿಗಿತ್ತಿ, ಎಣ್ಣೆಯ ಬಟ್ಟಲು ಅವಳ ಕೈಗೆ ಕೊಡು. ನಾನು ಆರಾಮಾಗಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ, ಆದರೆ ಮಠದ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂರುವವಳಿಗೆ ಚಳಿಯ ಚಿಂತೆ ಏನು. ನಮ್ಮ ಕಡೆಯ ಯಾತ್ರಿಕರು ದಶಾಶ್ವಮೇಧ ಘಾಟಿನಿಂದ ಹಸಿದು ಬರುತ್ತಾರೆ, ನನ್ನ ಜೋಳದ ರೊಟ್ಟಿ ಕಂಡು ಕಣ್ಣು ಒರೆಸಿಕೊಳ್ಳುತ್ತಾರೆ. ಈಗ ಬರೆಯುವ ವಿಷಯ ಎತ್ತಿದರೆ ನೀನು ಫೋನು ಇಟ್ಟುಬಿಡುತ್ತೀಯ. ಅದಕ್ಕೇ ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿಸುತ್ತಿದ್ದೇನೆ.

ನಿನಗೆ ಗೊತ್ತಲ್ಲ, ನಮ್ಮ ಮಠದಲ್ಲಿ ಪಿಂಡ ಇಡುವುದಿಲ್ಲ. ಆಯುಷ್ಯ ತೀರುವ ಮೊದಲೇ ಹೋದವರ ಹೆಸರಿನಲ್ಲಿ ಒಂದು ಪುಟ್ಟ ಶಿವಲಿಂಗ ಇಡಿಸುತ್ತಾರೆ. ಅಂಗಳ, ಗೋಡೆಯ ಗೂಡು, ಮೆಟ್ಟಿಲ ಪಕ್ಕ, ಎಲ್ಲಿ ನೋಡಿದರೂ ಲಿಂಗಗಳೇ. ಒಂದೊಂದಕ್ಕೂ ರಿಜಿಸ್ಟರಿನಲ್ಲಿ ಹೆಸರು, ಊರು, ವಯಸ್ಸು, ತೀರಿದ ವರ್ಷ, ಕೊನೆಗೆ ಯಾತರಿಂದ ತೀರಿದರು ಎಂದು ಒಂದು ಮಾತು. ಅದನ್ನು ನೋಡಲು ಇಲ್ಲೇ ಕಾಶಿಯ ಲಂಕಾ ಬಡಾವಣೆಯ ವಿಶ್ವವಿದ್ಯಾಲಯದಿಂದ ವರ್ಷಿಣಿ ಅಂತ ಒಬ್ಬ ಡಾಕ್ಟರು ಬಂದಳು. ಕಾಲಕ್ಕೆ ಮೊದಲೇ ಬಂದ ಸಾವುಗಳಲ್ಲಿ ಯಾವುದನ್ನು ತಪ್ಪಿಸಬಹುದಿತ್ತು, ಯಾವ ಸೀಮೆಯಲ್ಲಿ ಹೆಚ್ಚು, ಎಲ್ಲಿ ಕಡಿಮೆಯಾಗುತ್ತಿದೆ ಎಂದು ಹುಡುಕುವುದು ಅವಳ ಕೆಲಸ. ಧಾರವಾಡದವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲಿ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. 'ಆಂಟಿ, ಆಪ್ ಪಢ್ ದೀಜಿಯೇ, ನಾ ಬರ್ಕೋತೇನಿ' ಅಂದಳು. ಹೀಗೆ ಹನ್ನೆರಡು ಮಧ್ಯಾಹ್ನ, ರೊಟ್ಟಿಯ ಕೆಲಸ ಮುಗಿದ ಮೇಲೆ, ನಾನು ಓದಿದೆ, ಅವಳು ಬರೆದುಕೊಂಡಳು.

ಹೇಗೆ ಹೇಳಲಿ ತಮ್ಮಾ. ಹಳೆಯ ರಿಜಿಸ್ಟರುಗಳಲ್ಲಿ ನಮ್ಮ ಯಾದಗಿರಿ ಕಡೆಯ ಹೆಣ್ಣುಮಕ್ಕಳದೇ ಸಾಲು. ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೇಳು ವಯಸ್ಸು. ಹೆರಿಗೆಯಲ್ಲಿ, ಹೆರಿಗೆಯಲ್ಲಿ, ಹೆರಿಗೆಯಾದ ಮರುದಿನ. ಆಮೇಲೆ ವರ್ಷಗಳು ಸರಿದಂತೆ ಮೈಸೂರು ಕಡೆಯ ಹೆಸರುಗಳು ಮೊದಲು ಕಡಿಮೆಯಾದವು, ನಮ್ಮವು ಇಪ್ಪತ್ತು ವರ್ಷ ತಡವಾಗಿ. ನಮ್ಮ ಕಡೆಗೆ ರೈಲೂ ತಡ, ಡಾಕ್ಟರೂ ತಡ. ಆದರೂ ಕಡಿಮೆಯಾದವು. ಕಳೆದ ನಾಲ್ಕು ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಒಬ್ಬ ಬಾಣಂತಿಯ ಹೆಸರೂ ಇಲ್ಲ! ನಂಬಿಕೆ ಬರದೆ ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಓದಿದೆ. 'ಇದು ಮಠಕ್ಕೆ ಬಂದವರದಷ್ಟೇ ಆಂಟಿ, ಬರದೇ ಇದ್ದವರೂ ಇರ್ತಾರ' ಅಂದಳು ವರ್ಷಿಣಿ. ಇರಲಿ. ನಾನು ಅಂಗಳದಲ್ಲಿ ಕೂತು ಅತ್ತೇಬಿಟ್ಟೆ. ಬದುಕಿ ಉಳಿದವರ ಹೆಸರನ್ನು ಯಾವ ಮಠದಲ್ಲೂ ಬರೆಯುವುದಿಲ್ಲವಲ್ಲ, ಅಂಥವರು ಎಷ್ಟು ಸಾವಿರ ಜನ ಈ ಹೊತ್ತು ರೊಟ್ಟಿ ಬಡಿಯುತ್ತಾ ಮಕ್ಕಳನ್ನು ಬೈಯುತ್ತಾ ಇದ್ದಾರೋ! ಇಪ್ಪತ್ತೆರಡು ವರ್ಷ ಕಾಶಿಯಲ್ಲಿದ್ದರೂ ನಾನು ಹೀಗೆ ಬೆರಗಾದದ್ದಿಲ್ಲ. ಅದೂ ಒಂದು ಸೂಜಿ, ಒಂದು ಬಾಟಲಿ ರಕ್ತ, ಮನೆಮನೆಗೆ ಹೋಗಿ ಮಾತ್ರೆ ನುಂಗಿಸುವ ಆಶಾ ಕಾರ್ಯಕರ್ತೆಯರು, ಇಷ್ಟರಿಂದ ಆದದ್ದು.

ಅವ್ವ ತೀರಿದ ವರ್ಷವನ್ನು ನೋಡಿದೆ. ಅದೊಂದೇ ವರ್ಷ ನಮ್ಮ ತಾಲ್ಲೂಕಿನಿಂದ ಹನ್ನೊಂದು ಬಾಣಂತಿಯರು. ಊರವರು ನಿನ್ನನ್ನು ತಾಯಿಯನ್ನು ನುಂಗಿ ಹುಟ್ಟಿದವನು ಅಂದರಲ್ಲ, ಆ ಹನ್ನೊಂದು ಕೂಸುಗಳೂ ನುಂಗಿದವೇನು? ಅವ್ವನಿಗೆ ರಕ್ತ ಹೋಗುತ್ತಿತ್ತು, ನಿಲ್ಲಿಸುವವರು ಹತ್ತಿರ ಇರಲಿಲ್ಲ, ಅಷ್ಟೇ. ನಲವತ್ತಾರು ವರ್ಷದಿಂದ ನೀನು ಹೊತ್ತು ತಿರುಗುತ್ತಿರುವುದು ನಿನ್ನ ಪಾಪವಲ್ಲ. ಈಗ ಅದನ್ನು ಮಗಳ ತಲೆಗೆ ಕಟ್ಟುತ್ತಿದ್ದೀಯ. ಬಸುರಿ ಶಿವಗಂಗಾಳ ಕುಬಸದ ಶಾಸ್ತ್ರ ಮುಗಿದು ಹದಿನೈದು ದಿನವಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರದೆ 'ನನ್ನ ನೆರಳು ಆಕಿ ಮ್ಯಾಲೆ ಬೀಳಬಾರದು' ಅಂತ ಕೂತಿದ್ದೀಯಂತೆ. ಅವಳ ಗಂಡನ ಹಳ್ಳಿಯಿಂದ ಆಸ್ಪತ್ರೆಗೆ ಎರಡು ತಾಸಿನ ದಾರಿ. ನಿನ್ನ ಮನೆಯಿಂದ ಮೂರು ಓಣಿ ದಾಟಿದರೆ ದೊಡ್ಡ ಆಸ್ಪತ್ರೆ, ರಕ್ತವೂ ಅಲ್ಲಿ ಸಿಗುತ್ತದೆ. ಹುಡುಗಿಯ ಮೈಯಲ್ಲಿ ರಕ್ತ ಎಂಟೇ ಪಾಯಿಂಟು ಎಂದು ಬಸವಣ್ಣೆಮ್ಮ ಫೋನಿನಲ್ಲಿ ಹೇಳಿದ್ದನ್ನು ನನ್ನಿಂದ ಕೇಳಿ ವರ್ಷಿಣಿಯ ಮುಖ ಸಣ್ಣದಾಯಿತು. ನೀನು ಅಂಜಿ ಅಂಜಿ ಮಗಳನ್ನು ಅವ್ವ ಇದ್ದಂಥ ಜಾಗದಲ್ಲೇ ಬಿಟ್ಟಿದ್ದೀಯ. ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಬಸವಣ್ಣೆಮ್ಮನಿಗೂ ಶಿವಗಂಗಾಳಿಗೂ ನನ್ನ ಆಶೀರ್ವಾದ ತಿಳಿಸು. ವಿಶ್ವನಾಥ ನಿಮ್ಮೆಲ್ಲರನ್ನೂ ಕಾಯಲಿ, ನೀವೂ ಅವನಿಗೆ ಒಂದಿಷ್ಟು ಕೈ ಜೋಡಿಸಿರಿ.

ನಿನ್ನ ಅಕ್ಕ,
ಅನ್ನದಾನಮ್ಮ

ತಾಜಾಕಲಂ: ಮರೆತು ಉಳಿದದ್ದಲ್ಲ ಇದು, ಧೈರ್ಯ ಸಾಲದೆ ಕೊನೆಗೆ ಬಿಟ್ಟದ್ದು. ರಿಜಿಸ್ಟರಿನಲ್ಲಿ ಅವ್ವನ ಹೆಸರಿನ ಮುಂದೆ 'ಮಗನ ಕಾಲ್ಗುಣದಿಂದ' ಎಂದಿತ್ತು. ಇಲ್ಲಿಗೆ ಬಂದ ವರ್ಷ ಲಿಂಗ ಇಡಿಸುವಾಗ ಹಾಗೆ ಬರೆಸಿದವಳು ನಾನು. ವರ್ಷಿಣಿಗೆ ಓದಿ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಊರಲ್ಲಿ ಆ ಮಾತು ಹುಟ್ಟಿಸಿದವಳು ಅಜ್ಜಿ ಎಂದು ನೀನು ತಿಳಿದಿದ್ದೀಯ. ಅಲ್ಲ ತಮ್ಮಾ. ಎಂಟು ವರ್ಷದ ನಾನು, ನಿನ್ನನ್ನು ಎತ್ತಿಕೊಳ್ಳಲು ಒಲ್ಲೆನೆಂದು ಹಟ ಹಿಡಿದು ಆ ಮಾತನ್ನು ಮೊದಲು ಅಂದವಳು. ಇವತ್ತು ಬೆಳಿಗ್ಗೆ ಸ್ವಾಮಿಗಳ ಅಪ್ಪಣೆ ಪಡೆದು ರಿಜಿಸ್ಟರಿನ ಆ ಬರಹವನ್ನು ಹೊಡೆದುಹಾಕಿ 'ರಕ್ತಸ್ರಾವ' ಎಂದು ನನ್ನ ಕೈಯಾರೆ ಬರೆದೆ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲೆ ನೋಡು. ಮೊದಲು ಹೋಗಿ ಮಗಳನ್ನು ಮನೆಗೆ ಕರೆದುಕೊಂಡು ಬಾ.