ಯಡ್ತರೆಯಲ್ಲಿ ನೂರಾ ನಾಲ್ಕು

ಉಪ್ಪುಂದ
9-11-2025, ಭಾನುವಾರ

ಪ್ರೀತಿಯ ಅಪ್ಪಯ್ಯಾ,

ಮಿಥುನನ ನಮಸ್ಕಾರ. ಗಲ್ಲಾದ ಹಿಂದೆ ನಿಂತು ನಿಂತು ಬಂದ ಮಂಡಿನೋವು ಈಗ ಹೇಗಿದೆ? ಅಮ್ಮ ಕಳಿಸಿದ ಎಣ್ಣೆಯನ್ನು ನೀವೇ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ನಿಮ್ಮ ಘಾಟ್‌ಕೋಪರ್ ಹೋಟೆಲಿನ ಹುಡುಗರು ತಲೆಗೆ ಬಳಿದುಕೊಳ್ಳುತ್ತಿದ್ದಾರೋ? ಇಲ್ಲಿ ನಾನು, ಅಮ್ಮ ಇಬ್ಬರೂ ಸೌಖ್ಯ. ಫೋನಿರುವಾಗ ಕಾಗದವೇಕೆ ಎನ್ನಬೇಡಿ. ನೀವು ಫೋನ್ ಮಾಡಿದರೆ ಅಮ್ಮ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾಳೆ. ಈ ವಿಷಯ ಅವಳ ಕಿವಿಗೆ ಬೀಳಬಾರದು.

ಕಳೆದ ತಿಂಗಳು ಒಂದು ಶನಿವಾರ ಯಡ್ತರೆಯ ಹತ್ತಿರ ನಮ್ಮ ಕಾರು ನೂರಾ ನಾಲ್ಕರ ವೇಗದಲ್ಲಿ ಹೋಯಿತೆಂದು ನಿಮ್ಮ ಮೊಬೈಲಿಗೆ ದಂಡದ ಸಂದೇಶ ಬಂತು. ನೀವು ಕೂಡಲೇ ಫೋನ್ ಮಾಡಿ, "ಆ ಮಾಣಿ ಬಿಟ್ರೆ ಮತ್ತ್ಯಾರ್? ನಾನ್ ಬಂದವ್ನೇ ಗಾಡಿ ಮಾರ್ತೆ" ಎಂದು ತೀರ್ಪು ಕೊಟ್ಟಿರಿ. ನನ್ನ ಚರಿತ್ರೆ ನೋಡಿದರೆ ನಿಮ್ಮ ಸಂಶಯ ಸಹಜ. ಆದರೆ ಆ ಶನಿವಾರ ನಾನು ಗೆಳೆಯ ಸುಜಿತನ ಅಕ್ಕನ ಮೆಹಂದಿಗೆಂದು ಬ್ರಹ್ಮಾವರಕ್ಕೆ ಹೋಗಿದ್ದೆ, ಅದೂ ಬಸ್ಸಿನಲ್ಲಿ. ಹುಟ್ಟಿದಂದಿನಿಂದ ಮೊದಲ ಬಾರಿಗೆ ನಾನು ನಿರಪರಾಧಿ. ಈ ಅಪರೂಪದ ಗೌರವ ಕಳೆದುಕೊಳ್ಳಲು ಮನಸ್ಸಾಗದೆ ತನಿಖೆ ಕೈಗೊಂಡೆ.

ಮೊದಲು ಸಂಶಯಪಟ್ಟದ್ದು ಪೊಲೀಸರ ಯಂತ್ರವನ್ನು. ಯಡ್ತರೆಗೆ ಹೋಗಿ ನೋಡಿದರೆ, ರಸ್ತೆ ಬದಿಯ ಗೋಳಿಮರದ ನೆರಳಿನಲ್ಲಿ ಜೀಪು, ಪಕ್ಕದಲ್ಲಿ ಮೂರು ಕಾಲಿನ ಮೇಲೆ ಮದುವೆ ಫೋಟೋದವರ ಕ್ಯಾಮೆರಾದಂಥ ರಾಡಾರ್. ಅಲ್ಲಿದ್ದ ಪೊಲೀಸರು ಪಾಪ, ತಾಳ್ಮೆಯಿಂದ ವಿವರಿಸಿದರು. ಅದರಿಂದ ಹೊರಟ ಅಲೆ ಗಾಡಿಗೆ ಬಡಿದು ವಾಪಸು ಬರುತ್ತದಂತೆ. ಎದುರು ಬರುವ ಬಸ್ಸಿನ ಹಾರ್ನ್ ಕೀರಲಾಗಿ ಕೇಳಿಸುವ ಹಾಗೆ, ಗಾಡಿ ಜೋರಾಗಿ ಬಂದಷ್ಟೂ ವಾಪಸಾದ ಅಲೆ ಒತ್ತೊತ್ತಾಗುತ್ತದಂತೆ. ಅದರಿಂದ ವೇಗದ ಲೆಕ್ಕ. ಓಡಿಸಿದವರು ಯಾರೆಂದು ಕೇಳಿದೆ. "ಇದ್ ಗಾಡಿ ಓಟ ಕಾಂತ್, ಓಡ್ಸಿದವ್ರ್ ಜಾತಕ ಕಾಂತಿಲ್ಲೆ ಮಾರಾಯಾ" ಎಂದರು. ಫೋಟೋದಲ್ಲೂ ನಂಬರ್ ಪ್ಲೇಟ್ ಸ್ಪಷ್ಟ. ಗಾಜಿನ ತುಂಬ ಬರೀ ಆಕಾಶದ ಬಿಂಬ, ಓಡಿಸಿದವರ ಮುಖ ಕಾಣುವುದಿಲ್ಲ.

ಎರಡನೆಯ ಸಂಶಯ ದೊಡ್ಡಮ್ಮನ ಮಗ ಅಜಿತನ ಮೇಲೆ. ಕಾರು ತೊಳೆಯುವ ನೆಪದಲ್ಲಿ ಅವನು ಕೀ ಕೇಳುವುದುಂಟು. ಆದರೆ ಮೆಹಂದಿಯಿಂದ ಬಂದ ಮರುದಿನ ನಾನು ಕಾರಿನಲ್ಲಿ ಕೂರಲು ಹೋದರೆ ಸೀಟು ಎಷ್ಟು ಮುಂದಿತ್ತೆಂದರೆ ನನ್ನ ಮಂಡಿ ಸ್ಟೇರಿಂಗಿಗೆ ಬಡಿಯಿತು. ಅಜಿತ ನನಗಿಂತ ಒಂದು ಗೇಣು ಉದ್ದ. ಸೀಟಿನ ಕೆಳಗೆ ಬಾಡಿದ ಮಲ್ಲಿಗೆ ಬೇರೆ. ಅಜಿತ ಇನ್ನೂ ಹೂ ಮುಡಿಯಲು ಶುರು ಮಾಡಿಲ್ಲ.

ಇಲ್ಲಿ ನನ್ನ ಹಳೆಯ ಕಲೆಯೊಂದನ್ನು ಹೇಳಬೇಕು. ಮುಂದೆ ಪೊಲೀಸರಿದ್ದರೆ ಎದುರು ಬರುವವರಿಗೆ ಲೈಟ್ ಮಿಣುಕಿಸಿ ತಿಳಿಸುವುದು ನಮ್ಮ ರಸ್ತೆಯ ಧರ್ಮ. ಪೊಲೀಸರಿಲ್ಲದಾಗ ಮಿಣುಕಿಸುವುದು ನನ್ನ ಧರ್ಮ. ಹಾರಿಕೊಂಡು ಬರುತ್ತಿದ್ದ ಬಸ್ಸುಗಳು ಮದುವಣಗಿತ್ತಿಯ ಹಾಗೆ ತಲೆತಗ್ಗಿಸಿ ನಡೆಯುವುದನ್ನು ಕಂಡು ಪಕ್ಕದ ಸೀಟಿನ ಅಮ್ಮ ಹೊಟ್ಟೆ ಹಿಡಿದು ನಗುತ್ತಿದ್ದಳು.

ಮೊನ್ನೆ ಚಹಾ ಕುಡಿಯುತ್ತ ಸುಮ್ಮನೆ ಗಾಳ ಹಾಕಿದೆ, "ಅಷ್ಟೆಲ್ಲ ಗಾಡಿಯವ್ರ್ ಲೈಟ್ ಹಾಕಿರ್ತ್ರ್, ಆ ಪುಣ್ಯಾತ್ಮ ನಿಧಾನ ಮಾಡುಕಾಗ್ದಾ?" ಎಂದು. ಅಮ್ಮ ದೋಸೆ ಮಗುಚುತ್ತ ಥಟ್ಟನೆ ಅಂದಳು: "ನಿನ್ನಂಥವ್ರ್ ಸುಳ್ಳೇ ಹಾಕ್ತಾ ಇದ್ರೆ ನಾನ್ ಹ್ಯಾಂಗ್ ನಂಬುದ್?" ಆಮೇಲೆ ದೋಸೆ ಕರಟಿತು. ನಾನು ಏನೂ ಕೇಳಿಸದವನಂತೆ ಅದನ್ನೇ ತಿಂದೆ. ಬೈಂದೂರಿನ ಡ್ರೈವಿಂಗ್ ಶಾಲೆಯವರು ನಿನ್ನೆ ಪೇಟೆಯಲ್ಲಿ ಸಿಕ್ಕಿ, "ಹ್ವಾಯ್, ನಿನ್ನಮ್ಮ ಒಂದೇ ಸಲಕ್ಕೆ ಪಾಸ್! ಲೈಸೆನ್ಸೂ ಬಂತಲ್ದಾ?" ಎಂದಾಗ ತನಿಖೆ ಮುಗಿಯಿತು.

ಇನ್ನು ಶಿಕ್ಷೆಯ ಮಾತು. ಆ ಶನಿವಾರ ಬೈಂದೂರು ಸ್ಟೇಷನ್ನಿನಿಂದ ಸುಗುಣಚಿಕ್ಕಿ ಮುಂಬೈಗೆ ರೈಲು ಹತ್ತಿದರು. ಅವರ ಕೈಯಲ್ಲಿ ಅಮ್ಮ ನಿಮಗೊಂದು ಪೊಟ್ಟಣ ಕೊಟ್ಟು ಕಳಿಸಿದ್ದಳಲ್ಲ? ಚಟ್ನಿಗೆ ಸಿಗಡಿ ಹುರಿಯುವಷ್ಟರಲ್ಲಿ ಹೊತ್ತು ಮೀರಿರಬೇಕು, ರೈಲು ಹೊರಡುವ ಮೊದಲು ಮುಟ್ಟಿಸಲು ಗಾಡಿ ಹಾರಿಸಿರಬೇಕು. "ಇಂಥಾ ಚಟ್ನಿ ಮುಂಬೈಯಂಗೆ ಹುಟ್ಟುದಿಲ್ಲೆ" ಎಂದು ನೀವೇ ಫೋನಿನಲ್ಲಿ ಹೇಳಿದ್ದಿರಿ. ನೂರಾ ನಾಲ್ಕರ ವೇಗವನ್ನು ಅನ್ನಕ್ಕೆ ಕಲಸಿ ತಿಂದವರು ನೀವು. ದಂಡ ಯಾರು ಕಟ್ಟಬೇಕೆಂಬುದನ್ನು ತಮ್ಮ ನ್ಯಾಯಬುದ್ಧಿಗೇ ಬಿಟ್ಟಿದ್ದೇನೆ.

ಮಂಡಿ ಜೋಪಾನ. ಹೋಟೆಲಿನ ಎಲ್ಲರಿಗೂ ನನ್ನ ನೆನಪು ಹೇಳಿ.

ಈ ಒಂದು ಪ್ರಕರಣದಲ್ಲಿ ಮಾತ್ರ ನಿರ್ದೋಷಿಯಾದ ನಿಮ್ಮ ಮಗ,
ಮಿಥುನ್

ಮರೆತಿದ್ದೆ: ನೀವು ಊರಿಗೆ ಬರುವ ದಿನವೇ ನನ್ನನ್ನು ಏನೋ ಕೆಲಸ ಹೇಳಿ ಬ್ರಹ್ಮಾವರಕ್ಕೆ ಅಟ್ಟುವ ಹುನ್ನಾರವನ್ನು ಅಮ್ಮ ಈಗಲೇ ನಡೆಸಿದ್ದಾಳೆ. ಸ್ಟೇಷನ್ನಿನ ಹೊರಗೆ ಕಾರಿನ ಹತ್ತಿರ ಯಾರು ನಿಂತಿರುತ್ತಾರೆಂದು ನಿಮಗೀಗ ಗೊತ್ತು. ಆದರೂ ಗೊತ್ತಿಲ್ಲದವರ ಹಾಗೆ ಬೆಚ್ಚಿಬೀಳಿ. ಅವಳು ಇಷ್ಟೆಲ್ಲ ಗುಟ್ಟು ಮಾಡಿದ್ದು ಆ ನಿಮ್ಮ ಮುಖ ಕಾಣಲಿಕ್ಕೇ. ಗಾಡಿ ಮಾರುವ ಮಾತು ಎತ್ತಲೇಬೇಡಿ. ಬೆಲ್ಟ್ ಹಾಕಿಕೊಳ್ಳಿ. ಎದುರಿನವರು ಲೈಟ್ ಮಿಣುಕಿಸಿದರೆ ಮಾತ್ರ ಅಮ್ಮನಿಗೆ ಮೆಲ್ಲಗೆ ಹೇಳಿ, ಅದು ಮಿಥುನ್ ಅಲ್ಲ, ಅವನು ಬ್ರಹ್ಮಾವರದಲ್ಲಿದ್ದಾನೆ ಎಂದು.