ನಕ್ಷೆಯಾಚೆ ನಮ್ಮೂರು

ಅಕ್ಕಾ, ಸುಖವಾಗಿ ತಲುಪಿದೆ. ಬಸ್ಸಿನಲ್ಲಿ ವಾಂತಿಯಾಗಲಿಲ್ಲ, ಕೆಮ್ಮೂ ಕಡಿಮೆ. ನೀನು ಗಾಬರಿಯಾಗಬೇಡ, ಗಾಬರಿಗೆ ನಾನಿದ್ದೇನಲ್ಲ.

ಇವತ್ತು ನನ್ನ ಕಥೆ ಕಳಿಸಿದ್ದ ಪುಸ್ತಕದ ಆಫೀಸಿಗೆ ಹೋಗಿದ್ದೆ. ಗೋಡೆಯ ಮೇಲೆ ದೊಡ್ಡ ನಕ್ಷೆ. ಯಾವ ಊರಿನ ಕಥೆ ಆರಿಸಿದ್ದಾರೋ ಆ ಊರಿಗೊಂದು ಕೆಂಪು ಗುಂಡುಸೂಜಿ. ನಮ್ಮೂರು ನಕ್ಷೆಯಲ್ಲೇ ಇಲ್ಲ! ನನ್ನ ಕಥೆ ಬಿಟ್ಟೇಬಿಟ್ಟಿರಾ ಎಂದು ಕೇಳಿಯೇಬಿಟ್ಟೆ. ಸಂಪಾದಕಿ ನಕ್ಕು, ನಕ್ಷೆಯಾಚೆ ಬರಿಗೋಡೆಗೆ ಚುಚ್ಚಿದ್ದ ಸೂಜಿ ತೋರಿಸಿದರು.

ನಾನೋ ಅರ್ಧಕ್ಕೇ ಶಾಲೆ ಬಿಟ್ಟವಳು. "ಮೇಡಂ, ಕಥೇಲಿರೋ ನಮ್ಮ ಸೋದರತ್ತೆ ಬೈಗುಳ ತೆಗೆದು ಪುಸ್ತಕದ ಮಾತು ಹಾಕ್ಲಾ?" ಎಂದು ಕೇಳಿದೆ.

"ಅಯ್ಯೋ, ಅದನ್ನ ತೆಗೆದ್ರೆ ನಿಮ್ಮೂರ ಕಥೆ ಹೇಗಾಗುತ್ತಮ್ಮ? ಊರೂರಿನ ಮಾತು ಬೇಕು ಅಂತಲೇ ಈ ಪುಸ್ತಕ ಮಾಡ್ತಿರೋದು. ಆದ್ರೆ ನಿಮ್ಮತ್ತೆ ಒಪ್ಪಬೇಕು ನೋಡಿ," ಎಂದರು.

ಈಗ ಅದೇ ಚಿಂತೆ. ಅಚ್ಚಿಗೆ ಹೋಗುವ ಮೊದಲು ನೀನೇ ಅತ್ತೆಗೆ ಕಥೆ ಓದಿ ಹೇಳು, ನಿನ್ನ ದಮ್ಮಯ್ಯ. ಒಪ್ಪಿದರೆ ಸರಿ. ಬೈದರೆ ಒಂದು ಮಾತೂ ಬಿಡದೆ ಬರೆದು ಕಳಿಸು. ಕಥೆಯ ಕೊನೆ ಇನ್ನೂ ಸಪ್ಪೆಯಾಗಿದೆಯಂತೆ.

ಕಾರ್ಡು ತುಂಬಿತು.
ನಿನ್ನ ತಂಗಿ