ಎರಡು ಬ್ರೇಕು, ಒಂದು ಕೊಂಡಿ

ಸೆಪ್ಟೆಂಬರ್ 2, ಸೋಮವಾರ. ಬೆಳಗ್ಗೆ

ಹಾಲು ಕಾಯಿಸಿದೆ, ಉಕ್ಕಲಿಲ್ಲ. ಅಂಗಳ ಗುಡಿಸಿದೆ. ಶೆಡ್ಡಿಗೆ ಹೋಗಿ ಟ್ರ್ಯಾಕ್ಟರಿನ ಮೇಲಿನ ಟಾರ್ಪಾಲು ತೆಗೆದು ಧೂಳು ಒರೆಸಿದೆ. ಸ್ಟಾರ್ಟ್ ಮಾಡಿ, ಒಂದಿಷ್ಟು ಹೊತ್ತು ಅದರ ಗೊಣಗಾಟ ಕೇಳಿ, ಆಫ್ ಮಾಡಿದೆ. ಅಷ್ಟು ಬರುತ್ತದೆ. ಅದಕ್ಕಿಂತ ಹೆಚ್ಚು ಬರುವುದಿಲ್ಲ. ಓಡಿಸುತ್ತಿದ್ದವಳು ಅವಳು. ನಾನು ಹಿಂದೆ ನಡೆದುಕೊಂಡು ಹೋಗಿ, ಮಣ್ಣಿನಲ್ಲಿ ಎದ್ದ ಕಲ್ಲು ಆರಿಸುವವನು. ಮದುವೆಯಾದಂದಿನಿಂದ ಮನೆಯಲ್ಲೂ ಹೆಚ್ಚುಕಡಿಮೆ ಅದೇ ಏರ್ಪಾಡು.

ಆಟಿಕೆಯಂಥ ಗಾಡಿ. ಸೀಟಿನ ಮೇಲೆ ಕೂತರೂ ಬೇಲಿಯಾಚೆ ಕಾಣುವುದು ಕಷ್ಟ. "ಕಾಂಪ್ಯಾಕ್ಟ್" ಅನ್ನುತ್ತಾರೆ. ಕಾಲೇಜಿನಲ್ಲಿ ಆ ಪದಕ್ಕೆ ಇನ್ನೇನೋ ಅರ್ಥ ಹೇಳಿದ್ದರು… ಒಪ್ಪಂದ ಅಂತಲೇ? ಇರಲಿ. ಒಪ್ಪಂದದ ವಿಷಯಕ್ಕೇ ಬರುತ್ತೇನೆ.

ನಿನ್ನೆ ಮಗಳ ಫೋನು. ಕನ್ನಡಕದಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುವವಳು. ಅಪ್ಪನಿಗೆ ಮಾತ್ರ ಏನೂ ಕಾಣಿಸುವುದಿಲ್ಲ ಎಂಬುದು ಅವಳ ತೀರ್ಮಾನ.

"ಅಪ್ಪಾ, ಅಮ್ಮ ಹೋಗಿ ವರ್ಷ ಆಯ್ತು. ಅದನ್ನ ಮೈ ಒರೆಸಿ ಮಲಗಿಸೋಕೆ ಇಟ್ಕೊಂಡಿದ್ದೀಯಾ? ಸಸಿ ಮಾರೋರು ಕೇಳ್ತಿದ್ದಾರೆ. ಕೊಟ್ಬಿಡು."

"ಕೊಡಲ್ಲ ಕಣೇ. ಓಡಿಸ್ತೀನಿ. ಕಲೀತೀನಿ."

"ನೀನಾ? ಸೈಕಲ್ಲು ತಗೊಂಡು ಚರಂಡಿಗೆ ಹೋದೋನು ನೀನು!"

ಆ ಚರಂಡಿಯನ್ನು ಇವಳಮ್ಮನೂ ಮರೆತಿರಲಿಲ್ಲ. ವಂಶಪಾರಂಪರ್ಯ.

ಕೊನೆಗೆ ರಾಜಿಯಾಯಿತು. ತಿಂಗಳ ಕೊನೆಯ ಭಾನುವಾರ ಬರುತ್ತಾಳೆ. ಅವಳ ಕಣ್ಣೆದುರು ನಾನು ಹಿತ್ತಿಲಿನ ಆ ತುದಿಗೆ ಹೋಗಿ, ತಿರುಗಿಸಿ, ವಾಪಸು ಬಂದು, ರಿವರ್ಸಿನಲ್ಲಿ ಶೆಡ್ಡಿಗೆ ನಿಲ್ಲಿಸಬೇಕು. ಏನಕ್ಕೂ ತಾಗಿಸಬಾರದು. ತಾಗಿಸಿದರೆ ಗಾಡಿ ಮಾರಾಟ. ಟರ್ಮ್ಸ್ ಅಂಡ್ ಕಂಡೀಷನ್ಸ್. ಒಪ್ಪಿಕೊಂಡೆ.

ಹಿತ್ತಿಲಲ್ಲಿ ಸೊಂಟದೆತ್ತರ ಕಳೆ. ಅವಳಿದ್ದಾಗ ನೆಲ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗಿರುತ್ತಿತ್ತು. ಬೀನ್ಸು, ಟೊಮೆಟೊ, ಕುಂಬಳ. ಗುದ್ದಲಿ ಹಿಡಿದು ನೋಡಿದ್ದೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಬೆನ್ನು ಕೈ ಮುಗಿಯುತ್ತದೆ. ಗಾಡಿ ಹೋದರೆ ಹಿತ್ತಿಲೂ ಹೋದ ಹಾಗೆ.

ಸೆಪ್ಟೆಂಬರ್ 4, ಬುಧವಾರ

ಗುರು ಸಿಕ್ಕಿದರು. ಪಕ್ಕದ ಮನೆಯ ಡ್ರೈವರ್ ಸಾಹೇಬರು. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು. "ಒಂದು ಗೀರು ಬಿದ್ದಿಲ್ಲ ನನ್ನ ಗಾಡಿಗೆ" ಎಂಬ ಮಾತನ್ನು ನಮಸ್ಕಾರದ ಬದಲು ಹೇಳುತ್ತಾರೆ. ನನ್ನನ್ನು ಅವರು ಬೀಯೇ ಸಾಹೇಬ್ರು ಅನ್ನುವುದು. ಗೋಡೌನಿನ ಗುಮಾಸ್ತನಾಗಿದ್ದವನಿಗೆ ಡಿಗ್ರಿಯೊಂದು ಉಳಿದಿರುವುದು ಅವರ ಬಾಯಲ್ಲಿ ಮಾತ್ರ.

ಇಂದು ಕ್ಲಚ್ಚಿನ ಪಾಠ.

"ಮಲಗಿರೋ ಮಗು ತಲೆ ಕೆಳಗಿಂದ ದಿಂಬು ಎಳ್ಕೊಳ್ತೀರಲ್ಲ, ಹಂಗೆ ಬಿಡಬೇಕು ಕ್ಲಚ್ಚು."

ಬಿಟ್ಟೆ. ಗಾಡಿ ಕಪ್ಪೆಯಂತೆ ಕುಪ್ಪಳಿಸಿ ಸತ್ತಿತು.

"ಮಗು ಎದ್ಬಿಡ್ತು," ಅಂದರು.

ಬಲಗಾಲಿನ ಹತ್ತಿರ ಬ್ರೇಕಿನ ಪೆಡಲು ಎರಡಿವೆ, ಒಂದರ ಪಕ್ಕ ಒಂದು. ಯಾಕೆ ಎಂದು ಕೇಳಿದೆ. ಡ್ರೈವರ್ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. "ಪಾದ ದೊಡ್ಡದಿರೋರಿಗೆ ಅಂತ ಅಗಲ ಮಾಡಿದ್ದಾರೆ. ಯಾವುದನ್ನ ತುಳಿದ್ರೂ ಒಂದೇ."

ಎಷ್ಟು ಸರಳ ವಿವರಣೆ. ಕಂಪನಿಯವರಿಗೆ ಪಾದಗಳ ಬಗ್ಗೆ ಇಷ್ಟು ಕಾಳಜಿ ಇದೆಯೆಂದು ಗೊತ್ತಿರಲಿಲ್ಲ.

ಸೆಪ್ಟೆಂಬರ್ 7, ಶನಿವಾರ. ಸಂಜೆ

ಫಸ್ಟ್ ಗೇರಿನಲ್ಲಿ ಹಿತ್ತಿಲಿನ ಆ ತುದಿಯವರೆಗೆ ಹೋದೆ! ತಿರುಗಿಸಲಾಗಲಿಲ್ಲ, ಇಳಿದು ನಡೆದು ಬಂದೆ. ಡ್ರೈವರ್ ಹೋಗಿ ತಂದರು. ಇಡೀ ಹಿತ್ತಿಲು ಬಳಸಿ, ಬಸ್ ನಿಲ್ದಾಣ ಸುತ್ತಿದ ಹಾಗೆ ಸುತ್ತಿ ತಂದರು. ಆದರೂ ಸ್ಲೋ ಅಂಡ್ ಸ್ಟೆಡಿ… ಮುಂದೇನೋ ಇದೆ. ಗೆಲ್ಲುತ್ತದೆ ಎಂದು ತಾತ್ಪರ್ಯ.

ಕಲಿತ ಖುಷಿಗೆ ಅವರ ಮನೆಯಲ್ಲಿ ಕಾಫಿ. ಜೊತೆಗೆ ಅವರ ಹೊಸ ಬಚ್ಚಲುಮನೆಯ ದರ್ಶನ, ಮತ್ತೊಮ್ಮೆ. ನಿವೃತ್ತಿಯಾದ ಮೇಲೆ ಕಟ್ಟಿಸಿದ್ದು. ಮನೆಯ ಹಿಂದೆ, ನಮ್ಮ ಹಿತ್ತಿಲ ದಾರಿಗೆ ಆತುಕೊಂಡಿದೆ. ನೀಲಿ ಟೈಲ್ಸು. ಬಂದವರಿಗೆಲ್ಲ ತೋರಿಸುತ್ತಾರೆ. "ಕೈ ಇಟ್ಟು ನೋಡಿ ಬೀಯೇ ಸಾಹೇಬ್ರೇ, ಎಷ್ಟು ನೈಸು!" ಕೈ ಇಟ್ಟೆ. ಅವರ ಹೆಂಡತಿ ಅಡುಗೆಮನೆಯಿಂದಲೇ, "ಭಾವ ಅದನ್ನ ಸವರಿ ಸವರಿ ಸವೆಸಿಬಿಟ್ಟಾರು, ಬಿಡ್ರೀ" ಅಂದರು. ನನ್ನವಳನ್ನು ಅಕ್ಕ ಅನ್ನುತ್ತಿದ್ದರು, ಆದ್ದರಿಂದ ನಾನು ಭಾವ.

ಸೆಪ್ಟೆಂಬರ್ 8, ಭಾನುವಾರ. ಮಧ್ಯಾಹ್ನ

ಗೋಡೆ ಬಿತ್ತು.

ಕ್ರಮವಾಗಿ ಬರೆಯುತ್ತೇನೆ.

ಸೆಕೆಂಡ್ ಗೇರು. ಎರಡು ಮನೆಗಳ ನಡುವಿನ ದಾರಿಯಲ್ಲಿ ಸೀದಾ ಬರುತ್ತಿದ್ದೆ. ಎಡಕ್ಕೆ ನಮ್ಮ ಬೇಲಿ, ಬಲಕ್ಕೆ ಅವರ ಬಚ್ಚಲುಮನೆ. ಡ್ರೈವರ್ ಮುಂದೆ ನಿಂತು ಎರಡೂ ಕೈಯಲ್ಲಿ ಕರೆಯುತ್ತಿದ್ದರು. "ಬನ್ನಿ ಬನ್ನಿ ಬನ್ನಿ… ಬ್ರೇಕ್!" ತುಳಿದೆ. ಎಡವಟ್ಟಿಲ್ಲದೆ, ಸಂಪೂರ್ಣ ತುಳಿದೆ. ಬಲಗಡೆಯ ಪೆಡಲು. ಗಾಡಿ ನಿಲ್ಲಲಿಲ್ಲ, ಬಲಕ್ಕೆ ತಿರುಗಿತು. ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ. ಇನ್ನಷ್ಟು ತುಳಿದೆ, ಇನ್ನಷ್ಟು ತಿರುಗಿತು. ನಾನು "ಹೋ! ಹೋ!" ಎಂದೆನಂತೆ. ಡ್ರೈವರ್ ಆಮೇಲೆ ಹೇಳಿದ್ದು.

ಸದ್ದು ಅಷ್ಟು ದೊಡ್ಡದೇನಿರಲಿಲ್ಲ. ಇಟ್ಟಿಗೆಗಳು ಒಂದೊಂದಾಗಿ, ಯೋಚಿಸಿ ಯೋಚಿಸಿ ಬಿದ್ದವು. ನೀಲಿ ಟೈಲ್ಸು ಬಾನೆಟ್ಟಿನ ಮೇಲೆ. ನಲ್ಲಿ ಕಿತ್ತು ನೀರು ಕಾರಂಜಿ. ಒಳಗೆ ಮೊಳೆಗೆ ನೇತುಹಾಕಿದ್ದ ಟವೆಲ್ಲು ಹಾಗೇ ಇತ್ತು. ಸೋಪಿನ ಪೆಟ್ಟಿಗೆಯೂ. ಒಳಗೆ ಯಾರೂ ಇರಲಿಲ್ಲ. ಅದೊಂದನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೇನೆ.

"ಬ್ರೇಕ್ ಅಂದ್ರೆ ಬ್ರೇಕ್ ಹಾಕ್ಬೇಕು ಕಣ್ರೀ!"

"ಹಾಕಿದೆ ಕಣ್ರೀ!"

"ಹಾಕಿದ್ರೆ ನನ್ನ ಬಚ್ಚಲಿಗ್ಯಾಕೆ ಬಂದ್ರಿ?"

ಅಷ್ಟರಲ್ಲಿ ಅವರ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಮೊದಲು ಹೋಗಿ ನೀರಿನ ವಾಲ್ವು ತಿರುಗಿಸಿದರು. ಗೋಡೆ ನೋಡಿದರು. ನನ್ನನ್ನು ನೋಡಿ, "ಭಾವ, ಪೆಟ್ಟಾಗಿಲ್ಲ ತಾನೇ? ಇಳೀರಿ," ಅಂದರು.

ಇಳಿದೆ. ಅವರು ಹತ್ತಿ ಕೂತರು.

"ಏಯ್, ಏನೇ ಅದು? ಇಳಿ ಕೆಳಗೆ!" ಡ್ರೈವರ್.

ಅವರು ಬಗ್ಗಿ ಪೆಡಲುಗಳ ನಡುವೆ ಏನೋ ಸರಿಸಿದರು, ಟಕ್ ಅಂತ ಸದ್ದಾಯಿತು. ಸ್ಟಾರ್ಟ್ ಮಾಡಿ, ಹಿಂದೆ ತಿರುಗಿ ನೋಡಿಕೊಂಡು, ಕೂದಲೆಳೆಯಷ್ಟೂ ಅಲುಗದಂತೆ ಗಾಡಿಯನ್ನು ರಿವರ್ಸಿನಲ್ಲಿ ತೆಗೆದರು. ಮೇಲೆ ಇನ್ನೂ ನಿಂತಿದ್ದ ಇಟ್ಟಿಗೆ ಒಂದೂ ಬೀಳಲಿಲ್ಲ. ನೇರ ಶೆಡ್ಡಿಗೆ. ಆಫ್ ಮಾಡಿ ಇಳಿದರು.

"ಕೊಂಡಿ ಹಾಕಿರಲಿಲ್ಲ. ಎರಡು ಚಕ್ರಕ್ಕೆ ಎರಡು ಬ್ರೇಕು ಭಾವ. ಬಲಗಡೇದನ್ನೊಂದೇ ತುಳಿದ್ರೆ ಬಲಕ್ಕೇ ತಿರುಗೋದು. ಆ ತುದೀಲಿ ತಿರುಗಿಸೋಕೆ ಅಂತ ಅಕ್ಕ ಬಿಚ್ಚಿ ಇಡ್ತಿದ್ರು. ಸೀದಾ ದಾರೀಲಿ ಬರೋವಾಗ ಎರಡನ್ನೂ ಸೇರಿಸಿ ಕೊಂಡಿ ಹಾಕ್ಬೇಕು."

ಡ್ರೈವರ್ ಬಾಯಿ ತೆರೆದದ್ದು ಮುಚ್ಚಲಿಲ್ಲ. "ನಿಂಗೆ ಹೆಂಗೊತ್ತು?"

"ಅಕ್ಕ ಕಲಿಸಿದ್ರು."

"ಯಾವಾಗ?"

"ನೀವು ಡ್ಯೂಟೀಲಿದ್ದಾಗ."

ಕೊಂಡಿ ವರ್ಷದಿಂದ ಬಿಚ್ಚಿಯೇ ಇತ್ತು ಹಾಗಾದರೆ. ಅವಳು ಕೊನೆಯ ಸಲ ಬಿಟ್ಟು ಹೋದ ಹಾಗೆ. ವಾರವಾರ ಧೂಳು ಒರೆಸುತ್ತಿದ್ದವನು ನಾನು.

ಇಂಥದ್ದಕ್ಕೆ ಇಂಗ್ಲಿಷಿನಲ್ಲೊಂದು ಪದವಿದೆ. ಕ್ಯಾಟ… ಕ್ಯಾಟಲಾಗ್ ಅಲ್ಲ…

ಸೆಪ್ಟೆಂಬರ್ 9, ಸೋಮವಾರ

ಕ್ಯಾಟಾಸ್ಟ್ರಫಿ. ಹಲ್ಲುಜ್ಜುವಾಗ ನೆನಪಾಯಿತು. ಗೋಡೆ ಬಿದ್ದ ಮೇಲೆ ಬ್ರೇಕು ಸಿಕ್ಕಿದ ಹಾಗೆ.

ಬೆಳಗ್ಗೆ ಬಾಗಿಲು ಬಡಿದ ಸದ್ದು. ಡ್ರೈವರ್. ಒಂದು ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ಟವೆಲ್ಲು. ಮಾತಿಲ್ಲ. ನೇರ ನಮ್ಮ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಸ್ನಾನ ಮುಗಿಸಿ ಹಾಗೇ ಹೋದರು. ನಮ್ಮ ಸೋಪು ಮುಟ್ಟಿಲ್ಲ, ತಮ್ಮದೇ ತಂದಿದ್ದರು. ಗೋಡೆ ನಾನೇ ಕಟ್ಟಿಸಿಕೊಡುತ್ತೇನೆ ಎಂದೆ, ಬೆನ್ನಿಗೆ. ಬೆನ್ನು ಏನೂ ಹೇಳಲಿಲ್ಲ.

ಮಗಳ ಫೋನು. "ಹೇಗೆ ನಡೀತಿದೆ ಅಪ್ಪಾ?" ಅಂದಳು. "ಪ್ರೋಗ್ರೆಸ್" ಅಂದೆ.

ಸೆಪ್ಟೆಂಬರ್ 15, ಭಾನುವಾರ

ವಾರವಾಯಿತು. ದಿನವೂ ಬಕೆಟ್ಟು, ದಿನವೂ ಮೌನ. ಹೆಂಡತಿಯ ಹತ್ತಿರವೂ ಮಾತಿಲ್ಲವಂತೆ. ಮೇಸ್ತ್ರಿ ನಾಳೆ ನಾಡಿದ್ದು ಅನ್ನುತ್ತಿದ್ದಾನೆ. ಒಡೆದ ಗೋಡೆಗೆ ಟಾರ್ಪಾಲು ಕಟ್ಟಿದ್ದೇವೆ, ಟ್ರ್ಯಾಕ್ಟರಿನದ್ದೇ.

ಟಾರ್ಪಾಲಿನ ಈಚೆ ನಿಂತು ಆಕೆಯನ್ನು ಕೇಳಿದೆ. "ಏನಮ್ಮಾ, ನೀವೇ ಕಲಿಸಿಬಿಡಿ. ಮಗಳು ಬರೋ ದಿನ ಹತ್ತಿರ ಬಂತು."

"ನಂಗೇನು ಭಾವ, ಈಗಲೇ ಬರ್ತೀನಿ. ಆದ್ರೆ ಇವರು ಮುಖ ಗಂಟು ಹಾಕ್ಕೊಂಡು ಕೂತಿರೋವಾಗ ನಾನು ಬಂದು ಅಲ್ಲಿ ಟ್ರ್ಯಾಕ್ಟರ್ ಹತ್ತಿದ್ರೆ ಚೆನ್ನಾಗಿರುತ್ತಾ? ಬಾಯಿ ಬಿಟ್ಟು ಒಂದು ಮಾತು ಆಡ್ಲಿ. ಬೈಲಿ ಬೇಕಾದ್ರೆ."

ಗಾಡಿ ಶೆಡ್ಡಿನಲ್ಲಿ. ನಾನು ಕಟ್ಟೆಯ ಮೇಲೆ. ಗುರುವಿಗೆ ಕೋಪ, ಗುರುವಿನ ಹೆಂಡತಿಗೆ ಸಂಕೋಚ, ಶಿಷ್ಯನಿಗೆ ರಿವರ್ಸ್ ಬರುವುದಿಲ್ಲ. ಸಸಿ ಮಾರುವವನು ಮಗಳಿಗೆ ಮತ್ತೆ ಫೋನು ಮಾಡಿದ್ದನಂತೆ.

ಸೆಪ್ಟೆಂಬರ್ 18, ಬುಧವಾರ. ಬೆಳಗ್ಗೆ

ಬಚ್ಚಲೊಳಗಿಂದ ಮಾತು ಬಂತು! ಮೊದಲು ನೀರಿನ ಸದ್ದು ನಿಂತಿತು. ನಾನು ಹೊರಗೆ ಪಾತ್ರೆ ಒರೆಸುತ್ತಿದ್ದೆ.

"ಬೀಯೇ ಸಾಹೇಬ್ರೇ."

"ಹೂಂ."

"ಅವತ್ತು… ರಿವರ್ಸ್ ತಗೊಂಡ್ಲಲ್ಲ. ಚೆನ್ನಾಗಿ ತಗೊಂಡ್ಲಾ? ನಾನು ಸರಿಯಾಗಿ ನೋಡ್ಲಿಲ್ಲ."

ಕಣ್ಣು ಮಿಟುಕಿಸದೆ ನೋಡಿದ್ದರು. "ಚೆನ್ನಾಗಿ ತಗೊಂಡ್ರು," ಅಂದೆ.

ಒಂದು ಚೊಂಬು ನೀರು ಸುರಿದ ಸದ್ದು.

"ಕಂಡಕ್ಟರ್ ಹಿಂದೆ ನಿಂತು ಸೀಟಿ ಹೊಡೀದೆ ನಾನು ಯಾವತ್ತೂ ರಿವರ್ಸ್ ತಗೊಂಡಿಲ್ಲ. ಇಡೀ ಸರ್ವೀಸ್ನಲ್ಲಿ. ಇವಳು ಸುಮ್ನೆ ಕತ್ತು ತಿರುಗಿಸಿ ತಗೊಂಡ್ಬಿಟ್ಲು."

ಮತ್ತೊಂದು ಚೊಂಬು.

"ನಂಗ್ಯಾಕೆ ಹೇಳಲಿಲ್ಲ ಅಂತ?"

"ನನಗೇನ್ರೀ ಗೊತ್ತು. ನನ್ನವಳೂ ನನಗೆ ಹೇಳಿರಲಿಲ್ಲ. ಮನೆಗೆ ಹೋಗಿ ಕೇಳಿ."

"ಕೇಳ್ತೀನಿ. ಅಲ್ಲಿ ಕೇಳೋಕೆ ಆಗ್ತಿಲ್ಲ ಅಂತಲೇ ಇಲ್ಲಿ ಕೇಳಿದ್ದು." ಇನ್ನೊಂದು ಚೊಂಬು ಸುರಿದುಕೊಂಡು, "ಆ ಎರಡು ಪೆಡಲು… ಪಾದ ದೊಡ್ಡದು ಅಂದೆನಲ್ಲ. ಅದನ್ನ ಯಾರಿಗೂ ಹೇಳ್ಬೇಡಿ."

ಹೇಳುವುದಿಲ್ಲ. ಬರೆದಿದ್ದೇನೆ ಅಷ್ಟೆ.

ಸಂಜೆ

ಕೇಳಿದರಂತೆ. ಆಕೆಯ ಉತ್ತರ: "ಹೇಳಿದ್ರೆ ನೀವೇ ಕಲಿಸ್ತೀನಿ ಅಂತ ಬರ್ತಿದ್ರಿ. ನಂಗೆ ಕಲೀಬೇಕಿತ್ತು, ಬೈಸಿಕೊಳ್ಳಬೇಕಿರಲಿಲ್ಲ."

ಡ್ರೈವರ್ ಇದನ್ನು ನನಗೆ ತಾವೇ ಬಂದು ಹೇಳಿ ನಕ್ಕರು. ಮೊದಲು ಕಡಿಮೆ, ಆಮೇಲೆ ಜಾಸ್ತಿ. ನಾಳೆಯಿಂದ ಪಾಠ.

ಸೆಪ್ಟೆಂಬರ್ 22, ಭಾನುವಾರ

ತಿರುಗಿಸಲು ಬಂತು. ಕೊಂಡಿ ಬಿಚ್ಚಿ, ಎಡಗಡೆಯದನ್ನು ಮಾತ್ರ ತುಳಿದರೆ ಗಾಡಿ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಮೈ ಜುಂ ಎಂದಿತು. ಗೋಡೆ ಕೆಡವಿದ್ದೂ ಇದೇ, ಹಿತ್ತಿಲು ಉಳುವುದೂ ಇದೇ.

ಡ್ರೈವರ್ ಕಟ್ಟೆಯ ಮೇಲೆ ಕೂತು ಹೆಂಡತಿ ಕಲಿಸುವುದನ್ನು ನೋಡುತ್ತಾರೆ. ಮಧ್ಯೆ ಮಧ್ಯೆ ಬಾಯಿ ತೆರೆಯುತ್ತಾರೆ, ಆಕೆ ತಿರುಗಿ ನೋಡಿದರೆ ಆಕಳಿಕೆ ಬಂದಂತೆ ಮಾಡುತ್ತಾರೆ.

ಪಾಠ ಮುಗಿದ ಮೇಲೆ ಆಕೆಯನ್ನು ಕೇಳಿದೆ. ಕೇಳಬಾರದೆಂದುಕೊಂಡಿದ್ದೆ. ನಿಮಗೆ ಕಲಿಸಿದಳು, ನನಗ್ಯಾಕೆ ಕಲಿಸಲಿಲ್ಲ?

ಆಕೆ ಚಕ್ರಕ್ಕೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. "ನಾನೂ ಒಂದ್ಸಲ ಕೇಳಿದ್ದೆ ಭಾವ. ಅಕ್ಕ ಏನಂದ್ರು ಗೊತ್ತಾ? ಅವರೂ ಗಾಡಿ ಹತ್ತಿದ್ರೆ ಹಿಂದೆ ಕಲ್ಲು ಆರಿಸ್ಕೊಂಡು ಬರೋರು ಯಾರು, ತಿರುಗಿ ನೋಡಿದ್ರೆ ಒಬ್ಬರು ಕಾಣಬೇಕಲ್ಲ, ಅಂದ್ರು."

ಕೈ ತೊಳೆದುಕೊಳ್ಳುತ್ತೇನೆಂದು ಒಳಗೆ ಬಂದೆ. ಬಹಳ ಹೊತ್ತು ತೊಳೆದುಕೊಂಡೆ.

ಸೆಪ್ಟೆಂಬರ್ 27, ಶುಕ್ರವಾರ

ಮೇಸ್ತ್ರಿ ಕೊನೆಗೂ ಬಂದು ಗೋಡೆ ಎಬ್ಬಿಸಿದ. ಹೊರಗಡೆಯ ಗಾರೆ ಇನ್ನೂ ಹಸಿ. ಆ ನೀಲಿ ಟೈಲ್ಸು ಈಗ ಎಲ್ಲೂ ಸಿಗುವುದಿಲ್ಲವಂತೆ. ಹತ್ತಿರದ ಬಣ್ಣ ಹಾಕಿದ್ದಾನೆ, ಹತ್ತಿರವೇನೂ ಇಲ್ಲ. ಹಸಿರು. ನಾನು ಮುಖ ಸಣ್ಣ ಮಾಡಿಕೊಂಡು ನಿಂತಿದ್ದೆ. ಡ್ರೈವರ್ ಕೈ ಇಟ್ಟು ಸವರಿ, "ಇರ್ಲಿ ಬಿಡಿ. ಬಂದೋರಿಗೆ ಹೇಳೋಕೆ ಇನ್ನೊಂದು ಕಥೆ ಆಯ್ತು," ಅಂದರು.

ನಾಳೆ ಸ್ನಾನಕ್ಕೆ ಬರುವುದಿಲ್ಲ. ಇಷ್ಟು ದಿನ ರೂಢಿಯಾಗಿತ್ತು… ಬಿಕ್ಕಟ್ಟಿನ ಸಂಗತಿಗಳೂ ರೂಢಿಯಾಗುತ್ತವೆ.

ರಿವರ್ಸ್ ಮಾತ್ರ ಇನ್ನೂ ಬಗ್ಗುತ್ತಿಲ್ಲ.

ಸೆಪ್ಟೆಂಬರ್ 29, ಭಾನುವಾರ. ಮಧ್ಯಾಹ್ನ

ಕಾಫಿಗೆ ನೀರಿಟ್ಟು ಬಂದಿದ್ದೇನೆ. ಕುದಿಯುವಷ್ಟರಲ್ಲಿ ಬರೆದುಬಿಡುತ್ತೇನೆ.

ಮಗಳು ಕೈ ಕಟ್ಟಿಕೊಂಡು ನಿಂತಳು, ಅವಳಮ್ಮನ ಹಾಗೇ. ಡ್ರೈವರ್ ಹೆಂಡತಿ ಬೇಲಿಯ ಬಳಿ. ಸೀದಾ ಹೋದೆ. ಆ ತುದಿಯಲ್ಲಿ ಕೊಂಡಿ ಬಿಚ್ಚಿದೆ, ಎಡಗಡೆಯದನ್ನು ತುಳಿದೆ, ಸುತ್ತಿತು. ವಾಪಸು ಬಂದೆ. ಫಸ್ಟ್ ಗೇರು, ನಿಧಾನ. ಶೆಡ್ಡಿನ ಮುಂದೆ ನಿಲ್ಲಿಸಿ ರಿವರ್ಸಿಗೆ ಹಾಕಿದೆ. ಶೆಡ್ಡಿನ ಕಂಬ ಎಲ್ಲಿದೆಯೋ ತಿಳಿಯಲೊಲ್ಲದು.

ಹಿಂದಿನಿಂದ ಸೀಟಿ ಕೇಳಿಸಿತು.

ಡ್ರೈವರ್. ಶೆಡ್ಡಿನೊಳಗೆ ನಿಂತು, ಕೆನ್ನೆ ಉಬ್ಬಿಸಿಕೊಂಡು, ಕಂಡಕ್ಟರನ ಸೀಟಿ ಊದುತ್ತಿದ್ದಾರೆ! ಬರಬಹುದು, ಬರಬಹುದು, ಬರಬಹುದು… ಒಂದು ಉದ್ದ ಸೀಟಿ. ನಿಲ್ಲಿಸಿದೆ. ಕಂಬಕ್ಕೂ ಚಕ್ರಕ್ಕೂ ನಡುವೆ ಒಂದು ಅಂಗೈ.

ಮಗಳು ಕೈ ಕಟ್ಟಿದ್ದನ್ನು ಬಿಡಲಿಲ್ಲ. "ಆ ಬಚ್ಚಲುಮನೆ ಗೋಡೆ ಏನು, ಹಸಿ ಹಸಿ?"

ನಾನು ಬಗ್ಗಿ ಚಕ್ರದ ಮಣ್ಣು ನೋಡತೊಡಗಿದೆ.

"ತೇವ ಬಂದಿತ್ತಮ್ಮ," ಎಂದರು ಒಂದು ಗೀರೂ ಬೀಳಿಸದ ಡ್ರೈವರ್. "ಒಡೆದು ಕಟ್ಟಿಸ್ದೆ."

ಅವಳು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಕಣ್ಣು ಪರೀಕ್ಷೆ ಮಾಡುವವಳ ನೋಟ. ಆಮೇಲೆ ಫೋನು ತೆಗೆದು ಸಸಿ ಮಾರುವವನಿಗೆ, "ಇಲ್ಲಾರೀ, ಗಾಡಿ ಕೊಡೋದಿಲ್ಲ. ಅಪ್ಪನಿಗೆ ಬೇಕಂತೆ," ಅಂದಳು.

ಬೇಕು. ಯೆಸ್. ಅಫ್… ಅಫರ್ಮೇಟಿವ್.

ನೀರು ಕುದಿಯುತ್ತಿದೆ. ಹೊರಗೆ ಗಾಡಿ ಸ್ಟಾರ್ಟಾಯಿತು. ಯಾರದು? ಕಿಟಕಿಯಿಂದ ನೋಡಿದರೆ ಮಗಳೇ ಸೀಟಿನ ಮೇಲೆ. ಚಪ್ಪಲಿ ಕಳಚಿಟ್ಟಿದ್ದಾಳೆ, ಅವಳಮ್ಮನೂ ಹೀಗೇ. ಡ್ರೈವರ್ ಮುಂದೆ ನಿಂತು ಎರಡೂ ಕೈಯಲ್ಲಿ ಕರೆಯುತ್ತಿದ್ದಾರೆ, ಬನ್ನಿ ಬನ್ನಿ ಬನ್ನಿ. ನಗುತ್ತಿದ್ದಾಳೆ. ಎಡಕ್ಕೆ ಬೇಲಿ, ಬಲಕ್ಕೆ ಹಸಿ ಗಾರೆ.

ಆ ತುದಿಯಲ್ಲಿ ಕೊಂಡಿ ಬಿಚ್ಚಿದ್ದೆನಲ್ಲ, ಮತ್ತೆ ಹಾಕಿದೆನೇ —